ಹಿಂದಿನ ಸೀಟಿನವರು

ಚೆಲುವರಾಜುವಿನ ಹಳೆಯ ಕಾರು ಸಣ್ಣ ಗುಂಡಿಗೆ ಇಳಿದರೂ ಹಿಂದುಗಡೆಯಿಂದ ಕಿರ್ರೋ ಎಂದು ಕಿರುಚುತ್ತಿತ್ತು. ಸಸ್ಪೆನ್ಷನ್ ಪೂರ್ತಿ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದ. ಚೆಲುವರಾಜು ಕೈಬಿಚ್ಚುವವನಲ್ಲ. ದಢೂತಿ ಬಾಮೈದ ಹಿಂದೆ ಕೂತರೆ ಕಾರು ತುಟಿ ಪಿಟಕ್ಕೆನ್ನುವುದಿಲ್ಲ ಎಂಬುದನ್ನು ಅವನು ಕಂಡುಕೊಂಡಿದ್ದ.

ಭಾನುವಾರ ಮದ್ದೂರಿನಿಂದ ಒಬ್ಬ ಬಂದ, ಕಾರಿಗೆ ಕಾರು ಬದಲಿ ಮಾಡಿಕೊಳ್ಳಲು. ಅವನ ಕಾರಿನ ಹಿಂದಿನ ಸೀಟಿನ ತುಂಬ ಅವನ ಅತ್ತೆ ಕೂತಿದ್ದರು.

"ಒಳಕ್ಕೆ ಬನ್ನಿ ಅಮ್ಮ, ಕಾಫಿ ಕುಡೀರಿ," ಎಂದ ಚೆಲುವರಾಜು.

"ಮಂಡಿನೋವು ಕಣಪ್ಪ, ಇಲ್ಲಿಗೇ ಕೊಡು."

ಮೊದಲು ಚೆಲುವರಾಜುವಿನ ಕಾರಿನಲ್ಲಿ ಒಂದು ಸುತ್ತು ಹೊರಟರು.

"ಹಿಂದೆ ಇವ್ರು ಯಾರು?" ಎಂದ ಮದ್ದೂರಿನವನು.

"ನನ್ ಬಾಮೈದ. ಈ ಕಾರಂದ್ರೆ ಪ್ರಾಣ ಅವನಿಗೆ. ಕೊನೇ ಸಲ ಕೂತ್ಕೋತೀನಿ ಅಂದ."

ಕಾರು ಸದ್ದಿಲ್ಲದೆ ಹೋಗಿಬಂತು. ಬಾಮೈದ ಇಳಿಯಲಿಲ್ಲ. ಆಮೇಲೆ, ಅತ್ತೆ ಕೂತಿದ್ದಂತೆಯೇ ಇನ್ನೊಂದು ಕಾರನ್ನೂ ಓಡಿಸಿ ನೋಡಿದರು. ಅದು ಬೆಣ್ಣೆಯಂತೆ ಹೋಯಿತು. ಇಂಥ ಕಾರು ಬಿಟ್ಟುಕೊಡುತ್ತಿದ್ದಾನಲ್ಲ ಎಂದು ಚೆಲುವರಾಜುವಿಗೆ ಆ ಮನುಷ್ಯನ ಮೇಲೆ ಕನಿಕರವೇ ಬಂತು. ಆದರೂ ಲಗುಬಗೆಯಿಂದ ಕಾಗದಕ್ಕೆ ಸಹಿ ಹಾಕಿದ. ಎಲೆ ಅಡಿಕೆಯ ಮೇಲೆ ಕೀಲಿ ಇಟ್ಟು ಇಬ್ಬರೂ ಬದಲಾಯಿಸಿಕೊಂಡರು.

"ಇನ್ಮೇಲೆ ತಕರಾರು ತೆಗೀಬಾರ್ದು, ಮತ್ತೆ," ಎಂದ ಚೆಲುವರಾಜು.

"ಎಲೆ ಅಡಿಕೆ ಕೈ ಬದಲಾದ್ಮೇಲೆ ಇನ್ನೆಂಥ ತಕರಾರು ಸ್ವಾಮಿ?"

ಮದ್ದೂರಿನವನು ತಾನು ತಂದಿದ್ದ ಕಾರಿನ ಹಿಂದಿನ ಬಾಗಿಲು ತೆರೆದ.

"ಅತ್ತೆ, ಈಗ ಇಳೀಬೋದು."

ಆಕೆ ಚಂಗನೆ ಇಳಿದರು. ಚೆಲುವರಾಜುವಿನ ಹೊಸ ಕಾರು ಕಿರ್ರೋ ಎಂದಿತು.