ಮೂಲೆಯ ಚೀಲ ಮತ್ತು ಹೊಸ ಕಾರ್ಡು

ಹುಬ್ಬಳ್ಳಿಯ ಎಲ್ಲ ಮನೆಗಳಂತೆ ಪ್ರಭಾವತಿಯ ಮನೆಯೊಳಗೂ ಕಣ್ಣಿಗೆ ಕಾಣುವುದನ್ನೆಲ್ಲ ಬಿಡಿಸಿ ತೋರಿಸುತ್ತಿದ್ದುದು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು. ಆ ಕಾರ್ಡೋ ಓಬೀರಾಯನ ಕಾಲದ್ದು. ಗಂಡ ಗುರುಸಿದ್ಧ ಕಾರ್ ರೇಸ್ ಆಡಲು ಕೂತನೆಂದರೆ ಅದರ ಶಕ್ತಿಯೆಲ್ಲ ಆಟಕ್ಕೇ ಹೋಗಿ, ಅಡುಗೆಮನೆಯ ಬದನೆಕಾಯಿಗಳು ಇಟ್ಟಿಗೆಗಳಂತೆ ಕಾಣುತ್ತಿದ್ದವು. ಪಕ್ಕದ ಮನೆಯಾಕೆ ಬಂದರೆ ಮೊದಲು ಸೀರೆ ಕಾಣಿಸಿ, ಮುಖ ಆಮೇಲೆ ಮೂಡುತ್ತಿತ್ತು.

“ರೀ, ಹೊಸಾ ಕಾರ್ಡ್ ಯಾವಾಗ ತರ್ತೀರಿ? ಮೂಲ್ಯಾಗಿನ ಜೋಳದ ಚೀಲಾನೂ ಮಬ್ಬ ಕಾಣತೈತಿ. ಬುಟ್ಟ್ಯಾಗಿನ ರೊಟ್ಟಿ ದಿನಾ ಕಡಿಮಿ ಆಗಾಕತ್ತಾವು, ಇಲಿ ಬಂದ್ರೂ ಕಾಣಂಗಿಲ್ಲ.”

“ದೀಪಾವಳಿಗೆ ಇದಕ್ಕಿಂತ ಛಲೋದು ಬರತೈತಿ, ತಡಿ,” ಎಂದ ಗುರುಸಿದ್ಧ, ಪರದೆಯಿಂದ ಕಣ್ಣು ಕೀಳದೆ. ಪ್ರತಿ ದೀಪಾವಳಿಗೂ ಅವನದು ಅದೇ ರಾಗ.

“ಹಿಂಗಿದ್ರ ಮನಿಗೆ ಯಾರ ಬರತಾರ? ಯುಗಾದಿಗೆ ಬರ್ತೀನಂದಿದ್ದ ನಿಮ್ಮ ಸೋದರಮಾವ ಇನ್ನೂ ಬಂದಿಲ್ಲ, ಈಗ ಬಂದ್ರೇನು ಗತಿ?”

ಈ ಮಾತು ನಾಟಿತು. ಸೋದರಮಾವ ಚನ್ನಬಸಪ್ಪ ಬಲು ಮರ್ಯಾದೆಯ ಮನುಷ್ಯ. ಹೋದ ಮನೆಯಲ್ಲಿ ‘ಬರ್ರಿ’ ಎಂದು ಕರೆಯುವ ತನಕ ತುಟಿ ಬಿಚ್ಚುವವರಲ್ಲ. ಅಂಥವರು ಮುನಿಸಿಕೊಂಡರೆ? ಗುರುಸಿದ್ಧ ಅಂದೇ ಹೊಸ ಕಾರ್ಡು ತಂದು ಜೋಡಿಸಿದ.

ಬದನೆಕಾಯಿಗಳು ಫಳಫಳ ಹೊಳೆದವು. ಪ್ರಭಾವತಿ ಹಿಗ್ಗಿನಿಂದ, ಮೂಲೆಯ ಜೋಳದ ಚೀಲದ ಮೇಲೆ ಒಣಹಾಕಿದ್ದ ಲಂಗ ತೆಗೆಯಲು ಹೋದಳು.

ಲಂಗದ ಕೆಳಗೆ ಚೀಲವೇ ಇರಲಿಲ್ಲ; ಕೈಯಲ್ಲಿ ಅರ್ಧ ರೊಟ್ಟಿ ಹಿಡಿದುಕೊಂಡು, ಚನ್ನಬಸಪ್ಪ ಬಿಗುಮಾನದಿಂದ ಕೂತಿದ್ದರು.

“ಬ... ಬರ್ರಿ ಮಾವಾರ,” ಎಂದಳು ಪ್ರಭಾವತಿ.

“ಹಾಂ, ಈಗ ಬಂದೆ ನೋಡವಾ,” ಎಂದರು ಅವರು.