ಗಾಜಿನ ಕಾವಲು

“ಮೂರನೇ ಗಾಜೂ ಹೋಯ್ತು, ಮೇಡಂ.”

ಎಂಜಿನಿಯರ್ ಕೆಂಡವಾದಳು. “ತಾನಾಗಿ ಹೋಯ್ತಾ, ಯಾರಾದ್ರೂ ಒಡೆದ್ರಾ?”

“ನಮ್ಮವರು ಮುಟ್ಟಿಲ್ಲ,” ಎಂದ ಗುತ್ತಿಗೆದಾರ. “ಗೋಡೇನೇ ಸರೀತಿದೆ. ಕೆಡವಿಬಿಡೋಣ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀರಿ?”

ಹಳೆಯ ಸಭಾಭವನದಲ್ಲಿ ಉಳಿದದ್ದು ಮುಂಗೋಡೆಯೊಂದೇ. ಹಿಂದಿನದನ್ನೆಲ್ಲ ಕೆಡವಿ ಹೊಸದಾಗಿ ಕಟ್ಟುತ್ತಿದ್ದರು. ಅದು ಮುಗಿಯುವವರೆಗೆ ಗೋಡೆಯನ್ನು ಕಬ್ಬಿಣದ ಆಸರೆಗಳು ಹಿಡಿದಿದ್ದವು. ಬಿರುಕುಗಳಿಗೆ ಅಡ್ಡಲಾಗಿ ಸಿಮೆಂಟಿನಲ್ಲಿ ಗಾಜಿನ ಪಟ್ಟಿಗಳನ್ನು ಅಂಟಿಸಿದ್ದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಇನ್ನೊಂದು ಒಡೆದರೆ ಗೋಡೆ ಕೆಡವಿ ಎಂದು ಮೇಲಿನವರು ಹೇಳಿಯಾಗಿತ್ತು. ಉಳಿಸಿಯೇ ತೀರುತ್ತೇನೆಂದು ಹಟ ಹಿಡಿದವಳು ಅವಳೊಬ್ಬಳೇ.

ಆ ಸಂಜೆ ಅಪ್ಪನ ಮುಂದೆ ಅತ್ತೇಬಿಟ್ಟಳು. “ಗೋಡೆ ಹೋದ್ರೆ ನಾನೂ ಮುಗಿದೆ, ಅಪ್ಪಾ. ಬೇಕಂತಲೇ ಒಡೀತಿದಾರೆ.”

ಗಾಜು ಕತ್ತರಿಸಿ ಫೋಟೊಗಳಿಗೆ ಕಟ್ಟು ಹಾಕಿ ಅವಳನ್ನು ಓದಿಸಿದ ಅಪ್ಪ ಅವಳ ಕಣ್ಣೀರನ್ನು ಎಂದೂ ತಡೆದುಕೊಂಡವರಲ್ಲ. “ಕಾವಲಿಗೆ ನಾನು ಕೂರ್ತೀನಿ. ಬೆಳಿಗ್ಗೆ ನೀನು ಬರೋ ಹೊತ್ತಿಗೆ ಒಂದು ಗಾಜೂ ಒಡೆದಿರಲ್ಲ, ಅಳಬೇಡ.”

ಹಾಗೆಯೇ ಆಯಿತು. ಊಟದ ಡಬ್ಬಿಯೊಳಕ್ಕೂ ಧೂಳು ನುಗ್ಗುವ ಆ ಜಾಗದಲ್ಲಿ ಗಾಜುಗಳು ದಿನಾ ಬೆಳಿಗ್ಗೆ ಫಳಫಳ ಹೊಳೆಯುತ್ತಿದ್ದವು. ಕಾವಲು ಬಂದೊಡನೆ ಕಳ್ಳರು ಬಾಲ ಮುದುರಿಕೊಂಡರು ಎಂದು ಅವಳು ಬೀಗಿದಳು. ಗುತ್ತಿಗೆದಾರ ತಲೆ ಕೆರೆದುಕೊಂಡ. ಅಪ್ಪ ಮಾತ್ರ ಸೊರಗುತ್ತಿದ್ದರು.

“ಬೆರಳಿಗೇನಾಯ್ತು?”

“ಮೊಳೆ ತಾಗ್ತು ಬಿಡು.”

ಕೊನೆಗೂ ಹೊಸ ಕಟ್ಟಡ ಗೋಡೆಗೆ ಬಂದು ಕೂಡಿಕೊಂಡಿತು. ಆ ಬೆಳಿಗ್ಗೆಯೂ ಗಾಜುಗಳನ್ನು ದೂರದಿಂದಲೇ ಕಣ್ತುಂಬ ನೋಡಿ, ಆಸರೆ ಬಿಚ್ಚಿ ಎಂದು ಅವಳು ಅಪ್ಪಣೆ ಕೊಟ್ಟಳು. ಕೊನೆಯ ಕಂಬವೂ ಲಾರಿ ಏರಿತು. ಗೋಡೆ ನಿಂತಿತ್ತು! ಜನ ಚಪ್ಪಾಳೆ ತಟ್ಟಿದರು. ಮಕ್ಕಳು ಓಡಿ ಬಂದು ಅದರ ನೆರಳಿನ ಮೆಟ್ಟಿಲುಗಳ ಮೇಲೆ ಕುಳಿತರು. ಗುತ್ತಿಗೆದಾರನೂ ಬಂದು ಕೈಮುಗಿದ.

ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಅವಳ ತೋಳು ಹಿಡಿದೆಳೆದರು. “ಇಲ್ಲಿ ನಿಲ್ಲೋದು ಬೇಡ. ಮಕ್ಕಳನ್ನೂ ಕರಿ. ಬೇಗ.”

“ಹೆದರಿಕೆ ಯಾಕಪ್ಪಾ? ಒಂದೂ ಒಡೆದಿಲ್ಲವಲ್ಲ!”

ನಗುತ್ತ ಗೋಡೆಯ ಬಳಿ ಹೋಗಿ, ಮಗುವಿನ ಕೆನ್ನೆ ಸವರುವಂತೆ ಗಾಜಿನ ಅಂಚನ್ನು ಸವರಿದಳು.

ಬೆರಳಿಗೆ ಹಸಿ ಸಿಮೆಂಟ್ ಮೆತ್ತಿಕೊಂಡಿತು.