ಎಣ್ಣೆ ಹಚ್ಚಿದ ರಿಮ್ಮು

ಸುಂದರಾ ಎರಡೂ ಬ್ರೇಕ್ ಒತ್ತಿ ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಮಹಾನವಮಿಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆಂದು, ಬೆಳಿಗ್ಗೆಯಷ್ಟೇ ರಿಮ್ಮುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕನ್ನಡಿಯಂತೆ ತಿಕ್ಕಿದ್ದಳು; ಈಗ ಬ್ರೇಕಿನ ರಬ್ಬರು ಹಿಡಿಯದೆ ಜಾರುತ್ತಿತ್ತು. ಕಬ್ಬೂರಿನ ಆ ಇಳಿಜಾರು ಮುಗಿಯುವುದು ಅವಳ ಅಣ್ಣನ ಹೆಂಡತಿ ನೀಲಮಳ ಅಂಗಳದಲ್ಲಿ. ಅವಳೊಡನೆ ಜಗಳವಾದ ಮೇಲೆ ಎರಡು ವರ್ಷದಿಂದ ಸುಂದರಾ ಅಲ್ಲಿ ಕಾಲಿಟ್ಟಿರಲಿಲ್ಲ.

ಸೈಕಲ್ ಹುಲ್ಲಿನ ಬಣವಿಗೆ ನುಗ್ಗಿ ನಿಂತಿತು. ನೀಲಮ ಓಡಿ ಬಂದಳು.

“ಅಂಗಳಾ ತುಳ್ಯಾಂಗಿಲ್ಲ ಅಂದಾಕಿ, ಸೈಕಲ್ ಹತ್ತೇ ಬಂದ್ಯಲ್ಲಬೇ!”

“ನಾ ಎಲ್ಲಿ ಬಂದೀನ್ರಿ? ಬ್ರೇಕ್ ಹಿಡೀಲಿಲ್ಲ,” ಎಂದಳು ಸುಂದರಾ, ತಲೆಯ ಮೇಲಿನ ಹುಲ್ಲು ಕೊಡವುತ್ತ.

ನೀಲಮ ಚಹಾಕ್ಕೆ ನೀರಿಟ್ಟು, ಒಲೆಯ ಬೂದಿ ತಂದು ರಿಮ್ಮಿನ ಎಣ್ಣೆ ತಿಕ್ಕತೊಡಗಿದಳು. ಸುಂದರಾ ಮೆಲ್ಲಗೆ ಅವಳ ಕೈ ಹಿಡಿದಳು.

“ಪೂರಾ ತಗೀಬ್ಯಾಡ್ರಿ ವೈನಿ. ನಾಳೆ ನಾ ಹೆಂಗ ಬರ್ಲಿ?”